ಎದ್ದವರು ಮತ್ತೆ ಕೂತರು

ನಮ್ಮ ಟೀಚರ್ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಟೀ ಸೊಪ್ಪಿನ ಕಲೆ ಯಾವಾಗಲೂ ಕಪ್ಪಗೆ ಉಳಿದಿರುತ್ತಿತ್ತು. ಭಾನುವಾರ ತಮ್ಮ ಹಟ್ಟಿಯ ತುಂಡು ತೋಟದಲ್ಲಿ ಎಲೆ ಕಿತ್ತು, ಸೋಮವಾರ ಊಟಿಯ ಕಾಲೇಜಿನಲ್ಲಿ ನಮಗೆ ಮನೋರೋಗ ಶುಶ್ರೂಷೆ ಕಲಿಸುತ್ತಿದ್ದ, ನೀಲಗಿರಿಯ ಬಡಗ ಸಮುದಾಯದ ಹೆಂಗಸು. "ಯಾರ ಮುಂದೆ ಕೇಳಿದೆ, ಯಾವ ಮಾತಲ್ಲಿ ಕೇಳಿದೆ, ಅದನ್ನ ಮೊದಲು ಹೇಳು," ಎನ್ನುತ್ತಿದ್ದರು. ರೋಗಿಯ ಉತ್ತರ ಆಮೇಲೆ. ಗೂಡಲೂರಿನ ಕನ್ನಡದವಳಾದ ನನ್ನನ್ನು, ನಿನ್ನ ತಮಿಳು ಕೇಳಿದರೆ ಚೆನ್ನಾಗಿರುವವರಿಗೂ ತಲೆನೋವು ಬರುತ್ತದೆ ಎಂದು ಛೇಡಿಸುತ್ತಿದ್ದರು.

ಒಮ್ಮೆ ಎಮರಾಲ್ಡ್ ಊರಿನ ಪಕ್ಕದ ಒಂದು ಬಡಗರ ಹಟ್ಟಿಗೆ ನಮ್ಮನ್ನು ಕರೆದೊಯ್ದರು. ಮಗು ತೀರಿಕೊಂಡ ಮೇಲೆ ಆ ಮನೆಯ ಸೊಸೆ ಸರಿಯಾಗಿ ಉಣ್ಣುತ್ತಿರಲಿಲ್ಲ. ನಾವು ತಮಿಳಿನಲ್ಲಿ ಪ್ರಶ್ನೆ ಕೇಳಿದೆವು. ಅರ್ಧಕ್ಕೆ ಅತ್ತೆಯೇ ಉತ್ತರ ಕೊಟ್ಟಳು.

"ನಮ್ಮ ಸೊಸೆಗೆ ಮಾತು ಬಲು ದುಬಾರಿ, ಟೀಚರ್."

ಎಲ್ಲರೂ ನಕ್ಕೆವು. ಸೊಸೆಯೂ ನಕ್ಕಳು. ಚಹಾ ಕುಡಿದು ಎದ್ದೆವು.

ಬಡಗರಲ್ಲಿ ಕಿರಿಯರು ತಲೆ ಬಾಗಿಸುತ್ತಾರೆ, ಹಿರಿಯರು ನೆತ್ತಿ ಮುಟ್ಟಿ ನೂರು ವರ್ಷ ಬದುಕೆಂದು ಹರಸುತ್ತಾರೆ. ಟೀಚರ್ ಕೈ ಚಾಚಿದರು. ಸೊಸೆ ಹಿಂದೆ ಸರಿದಳು. ಅತ್ತೆ ಸೊಕ್ಕು ಎಂದು ಬೈದಳು. ನಮ್ಮಲ್ಲೊಬ್ಬಳು, ಪಾಪ ನಾಚಿಕೆ ಎಂದಳು. ಟೀಚರ್ ಮತ್ತೆ ಕೂತರು.

ಅತ್ತೆಯನ್ನು ಇನ್ನಷ್ಟು ಚಹಾ ಇಡಲು ಒಳಗೆ ಕಳಿಸಿ, ನೆಲದ ಮೇಲೆ ಸೊಸೆಗೆ ಒತ್ತಿಕೊಂಡು ಕೂತು, ಬಡಗ ಭಾಷೆಯಲ್ಲೇ ನೇರವಾಗಿ ಕೇಳಿದರು: ಸಾಯಬೇಕು ಅನ್ನಿಸುತ್ತಾ, ಮಗಳೇ?

ಅವಳು ಮೆಲ್ಲಗೆ ಹೇಳಿದಳು, "ನೀವು ಹೋಗಲಿ ಅಂತ ಕಾಯ್ತಿದ್ದೆ."

ಟೀಚರ್ ಅವಳ ಕೈ ಹಿಡಿದವರು ಜೀಪು ಬರುವವರೆಗೆ, ಆಮೇಲೆ ಆಸ್ಪತ್ರೆ ಮುಟ್ಟುವವರೆಗೆ ಬಿಡಲಿಲ್ಲ. ಅತ್ತೆ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಸೊಸೆ ಉಳಿದಳು. ಬಸ್ಸಿಗೆ ಹೊತ್ತಾಯಿತೆಂದು ನಾವು ಹೊರಟುಬಿಟ್ಟಿದ್ದರೆ? ನಿದ್ದೆ ಬರುವ ಮುಂಚೆ ನಾನು ಇಂದಿಗೂ ಆ ಮನೆಯಿಂದ ಹೊರಟು ಬಸ್ಸು ಹತ್ತುತ್ತೇನೆ.

ಹೋದ ಮಳೆಗಾಲದಲ್ಲಿ ಟೀಚರ್ ಕ್ಯಾನ್ಸರಿನಿಂದ ತೀರಿಕೊಂಡರು. ಈಗ ಗೂಡಲೂರಿನಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಪಣಿಯ, ಕುರುಂಬ ಬುಡಕಟ್ಟುಗಳವರ ಮನೆಗಳಿಗೆ ಹೋಗುವವಳು ನಾನು. ಅವರ ಮಾತು ನನಗೆ ಅರ್ಧ ಬರುತ್ತದೆ. ಎಲ್ಲ ಸರಿಯಿದೆ ಎಂದು ಅವರು ನಗುತ್ತಾರೆ, ಹುಡುಗಿಯರು ಚೀಲ ಹೆಗಲಿಗೇರಿಸುತ್ತಾರೆ, ನನಗೆ ಏಳಲಾಗುವುದಿಲ್ಲ. ಆ ಸೊಸೆ ನೂರು ವರ್ಷದ ಹಾರೈಕೆ ಬೇಡವೆಂದಳು; ಸಾಯಲು ನಿರ್ಧರಿಸಿದವರು ಈ ಮನೆಗಳಲ್ಲಿ ಯಾವುದನ್ನು ಬೇಡವೆನ್ನುತ್ತಾರೆ? ನನಗೆ ಗೊತ್ತಿಲ್ಲ. ಕೇಳೋಣವೆಂದರೆ ಟೀಚರ್ ಇಲ್ಲ.