ಗುಳಿಗನಿಗೆ ಹೊತ್ತ ಬಾಟ್ಲಿ

ಬಣಕಲ್ ಕಡೆಯ ಎಸ್ಟೇಟುಗಳಲ್ಲಿ ಮರಗಸಿಗೆ ಗಿಡ್ಡಪ್ಪನನ್ನು ಮೀರಿಸಿದವರಿರಲಿಲ್ಲ. ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ಹತ್ತುವ ಮುಂಚೆ ಒಂದು ಪ್ಲಾಸ್ಟಿಕ್ ಕೊಟ್ಟೆ ಸಾರಾಯಿ, ಇಳಿದ ಮೇಲೆ ಎರಡು. ಹೆಂಡತಿ ಮುತ್ತಮ್ಮ ಆ ವಾಸನೆಗೇ ಮುಖ ತಿರುಗಿಸುತ್ತಿದ್ದಳು.

ತೊಂಬತ್ತೆಂಟರ ಮೇ ತಿಂಗಳಲ್ಲಿ ಅವನು ಸಿಲ್ವರ್ ಮರದಿಂದ ಬಿದ್ದ. ಮಂಗಳೂರಿಗೆ ಒಯ್ಯುವ ಜೀಪಿನಲ್ಲಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುತ್ತಮ್ಮ ಎಸ್ಟೇಟಿನ ದೈವಕ್ಕೆ ಬಾಯಿಗೆ ಬಂದ ಹರಕೆ ಹೊತ್ತಳು: "ಗುಳಿಗಾ, ಇವ್ರನ್ನ ಉಳಿಸ್ಕೊಡು. ಒಂದು ಕೋಳಿ, ಒಂದು ಬಾಟ್ಲಿ ಬ್ರಾಂದಿ ಕೊಡ್ತೀನಿ."

ಉಳಿದ. "ಮಿದುಳಿಗೆ ಪೆಟ್ಟಾಗಿದೆ, ನಿಧಾನಕ್ಕೆ ವಾಸಿ ಆಗ್ತದೆ," ಎಂದರು ಡಾಕ್ಟರು. "ಆದ್ರೆ ಒಂದು ತೊಟ್ಟೂ ಕುಡೀಬಾರ್ದು. ಕುಡಿದ್ರೆ ಮೂರ್ಛೆ ಶುರುವಾಗ್ಬಹುದು, ಇರೋ ನೆನಪೂ ಹೋಗ್ಬಹುದು."

ನಾಲ್ಕು ತಿಂಗಳು ಮುತ್ತಮ್ಮ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಉಂಡದ್ದನ್ನೇ ಮರೆಯುತ್ತಿದ್ದವನು, ಮಳೆ ಬಿಡುವಷ್ಟರಲ್ಲಿ ಮಗಳನ್ನು ಹೆಸರು ಹಿಡಿದು ಕರೆದ. ಅವಳಿಗೆ ಹೋದ ಜೀವ ಬಂದಂತಾಯಿತು.

ಹರಕೆ ತೀರಿಸುವ ದಿನ ಗುಳಿಗನ ಕಲ್ಲಿನ ಮುಂದೆ ಕೂಲಿ ಲೈನಿನ ಗಂಡಸರೆಲ್ಲ ಸೇರಿದರು. ಯಾರ ಕಣ್ಣೂ ದೇವರ ಮೇಲಿರಲಿಲ್ಲ. ಪೂಜೆ ಮಾಡುವ ಗುರುವಯ್ಯ ಕಲ್ಲಿಗೆ ನಾಲ್ಕು ಹನಿ ಬ್ರಾಂದಿ ಚಿಮುಕಿಸಿ, ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿದ. ಮೊದಲ ಪ್ರಸಾದ ಬದುಕಿ ಬಂದವನಿಗೇ ಸಲ್ಲಬೇಕು.

"ಬ್ಯಾಡಿ ಗುರುವಯ್ಯೋರೆ, ಡಾಕ್ಟ್ರು ಹೇಳಿದಾರೆ..."

"ಹೊತ್ತವಳು ನೀನೇ ಅಲ್ವೇನೆ? ಪ್ರಸಾದ ಬೇಡ ಅಂದ್ರೆ ಗುಳಿಗ ಬಿಡ್ತಾನಾ? ಕುಡಿ ಮಾರಾಯ."

ಥೂ, ದೇವರ ಹೆಸರಲ್ಲಿ ಇವರ ಗಂಟಲು ತಣಿಯಬೇಕು! ಎಂದುಕೊಂಡಳು ಮುತ್ತಮ್ಮ. ಗಿಡ್ಡಪ್ಪ ಗಟಗಟನೆ ಕುಡಿದ. ಮರುದಿನದಿಂದ ಕೊಟ್ಟೆ ಶುರುವಾಯಿತು, ಹಿಂದೆಯೇ ಮೂರ್ಛೆ. ಮಗಳ ಹೆಸರು ಮತ್ತೆ ಹೋಯಿತು, ಮನೆಯ ದಾರಿಯೂ ಹೋಯಿತು. ಜೊಲ್ಲು ಒರೆಸುವಾಗಲೆಲ್ಲ ಮುತ್ತಮ್ಮನಿಗೆ ಹರಕೆ ಹೊತ್ತ ತನ್ನ ನಾಲಿಗೆಯ ಮೇಲೇ ಹೇಸಿಗೆಯಾಗುತ್ತಿತ್ತು.

ವರ್ಷ ತುಂಬುತ್ತಲೇ ಗುರುವಯ್ಯ ಬಾಗಿಲಿಗೆ ಬಂದ. "ಹರಕೆ ವರ್ಷ ವರ್ಷ ನಡೀಬೇಕು, ಮುತ್ತಮ್ಮ."

"ನಡೀಲಿ," ಎಂದಳು. ಹರಕೆಯ ದಿನ ಗಂಡನನ್ನು ಕೈಹಿಡಿದು ಗುಳಿಗನ ಮುಂದೆ ಕರೆತಂದು, ಎಲ್ಲರೂ ನೋಡುತ್ತಿರುವಂತೆಯೇ ಬಾಟ್ಲಿಯನ್ನು ಬೋರಲು ಹಾಕಿ ಅಷ್ಟೂ ಬ್ರಾಂದಿಯನ್ನು ಕಲ್ಲಿನ ಮೇಲೆ ಸುರಿದಳು. "ಈ ಸಲ ಗುಳಿಗನೇ ಕುಡೀಲಿ!" ಗಂಡಸರ ಮುಖ ಇಂಗು ತಿಂದ ಮಂಗನಂತಾಯಿತು. ವರ್ಷದಲ್ಲಿ ಮೊದಲ ಸಲ ಅವಳಿಗೆ ನಗು ಬಂತು.

ತಿರುಗಿ ನೋಡಿದರೆ ಗಿಡ್ಡಪ್ಪ ಮಂಡಿಯೂರಿ ಕಲ್ಲನ್ನು ನೆಕ್ಕುತ್ತಿದ್ದ.

"ಭಕ್ತಿ ಅಂದ್ರೆ ಇದು," ಎಂದ ಗುರುವಯ್ಯ.

ಮುತ್ತಮ್ಮ ರಟ್ಟೆ ಹಿಡಿದು ಎಬ್ಬಿಸಿ, ಎಣ್ಣೆ ಕುಂಕುಮ ಮೆತ್ತಿದ ಅವನ ಬಾಯನ್ನು ಸೆರಗಿನಿಂದ ಒರೆಸಿದಳು. ಅವನು ಅವಳ ಮುಖವನ್ನೇ ನೋಡಿದ.

"ನೀವು ಯಾರಮ್ಮಾ?" ಎಂದ. "ಇನ್ನೊಂಚೂರು ಇದ್ಯಾ?"