ಡ್ರೈವರ್ ಸೀಟು ಬಿಡದ ತಾಹೇರಾ

ಪಿಕಪ್ ಗಾಡಿ ಕೊಂಡು ಅದರಲ್ಲಿ ಕುದುರೆ ಸಾಗಿಸುತ್ತೇನೆ ಎಂದು ಮಂಡ್ಯದ ತಾಹೇರಾ ಹೇಳಿದಾಗ ಮನೆಯವರೂ ನಂಬಲಿಲ್ಲ. ಆಗ ಅವರಿಗೆ ನಲವತ್ತೊಂದು ವರ್ಷ. ತಂದೆ ಜಕೀವುಲ್ಲಾ ರೈಲ್ವೆ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದವರು. ಆಟೊಗಳು ಬಂದ ಮೇಲೆ ಜಟಕಾ ಹೋಯಿತು, ಮದುವೆ ಮೆರವಣಿಗೆಗೆಂದು ಎರಡು ಬಿಳಿ ಕುದುರೆ ಉಳಿದವು. ತಮ್ಮ ಅಶ್ಫಾಕ್ ಅವನ್ನು ಮದ್ದೂರಿಗೂ ನಡೆಸಿಕೊಂಡೇ ಹೋಗುತ್ತಿದ್ದ. ಹೆದ್ದಾರಿ ಅಗಲವಾದ ಮೇಲೆ ಅವನಿಗೆ ಉಳಿದದ್ದು ಸರ್ವಿಸ್ ರಸ್ತೆ. ಅಲ್ಲಿ ಎದುರಿಗೆ ನುಗ್ಗುವ ಬೈಕು, ಟ್ರ್ಯಾಕ್ಟರುಗಳು. ಛತ್ರ ತಲುಪುವ ಹೊತ್ತಿಗೆ ಕುದುರೆ ನೊರೆ ಕಾರುತ್ತಿತ್ತು, ಮದುಮಗ ಹತ್ತಲು ಹಿಂಜರಿಯುತ್ತಿದ್ದ.

ತಾಹೇರಾ ಕೊಂಡದ್ದು ಆಲೆಮನೆಗಳಿಂದ ಬೆಲ್ಲ ಸಾಗಿಸುತ್ತಿದ್ದ ಹಳೆಯ ಗಾಡಿ. ಸುತ್ತ ಕಬ್ಬಿಣದ ಪೈಪು ಕಟ್ಟಿಸಿ ಎತ್ತರ ಮಾಡಿಸಿದರು. ಓಡಿಸಲು ಕಲಿತು ಲೈಸೆನ್ಸ್ ಪಡೆದರು.

ಈ ಸೀಮೆಯಲ್ಲಿ ಎತ್ತಾಗಲಿ ಕುದುರೆಯಾಗಲಿ, ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ಒತ್ತಿ ನಿಲ್ಲಿಸಿ ನಾಲ್ಕು ಜನ ಹಿಂದಿನಿಂದ ತಳ್ಳಿ ಹತ್ತಿಸುವುದು ರೂಢಿ. ತಾಹೇರಾ ಗಾಡಿಗೆ ಕುದುರೆಗಳು ತಾವೇ ಹತ್ತಿದವು. ವರ್ಷಗಟ್ಟಲೆ ಬೆಲ್ಲದ ರಸ ಕುಡಿದಿದ್ದ ನೆಲದ ಹಲಗೆಯನ್ನು ನೆಕ್ಕುವುದೇ ಅವಕ್ಕೆ ಆಸೆ. ತಾಹೇರಾಗೆ ಇದು ಹೆಮ್ಮೆಯ ವಿಷಯವಾಯಿತು. ನೆಕ್ಕಲಿ ಎಂದು ಹಗ್ಗ ಸಡಿಲ ಬಿಟ್ಟರು. ಹಾಸಲು ಗದ್ದೆಗಳಲ್ಲಿ ಬಿಟ್ಟಿ ಸಿಗುವ ಕಬ್ಬಿನ ತರಗು ಹರಡಿದರು.

ಮೂರನೇ ತಿಂಗಳು ಇದೆಲ್ಲದರ ಫಲ ಕಂಡಿತು. ಹನಕೆರೆಯ ಮುದ್ದಯ್ಯ ಕುದುರೆಗಾಡಿ ಓಟಕ್ಕೆಂದು ಸಾಕಿದ ಕೆಂದು ಬಣ್ಣದ ಕುದುರೆಯನ್ನು ತಾಹೇರಾ ಸಾಗಿಸುತ್ತಿದ್ದರು. ಊರ ಹೊರಗೆ ನಾಲೆ ಸೇತುವೆಯ ತಿರುವಿನಲ್ಲಿ ಗಾಡಿ ವಾಲಿದಾಗ ಕುದುರೆಯ ಮೂತಿ ನೆಲದ ಮೇಲಿತ್ತು. ಅದು ತಲೆ ಎತ್ತಿ ತೂಕ ಹಿಡಿಯುವಷ್ಟರಲ್ಲಿ ತರಗು ಜಾರಿತು. ಕುದುರೆ ಮುಂಗಾಲೂರಿ ಬಿದ್ದು, ಮಂಡಿಯ ಚರ್ಮ ಕಿತ್ತು ಬಂತು.

ಹೆಂಗಸು ಓಡಿಸಿದರೆ ಹೀಗೇ ಎಂಬ ಮಾತು ಮದ್ದೂರು ದಾಟಿ ಮಳವಳ್ಳಿಗೆ ಮುಟ್ಟಲು ಎರಡು ದಿನ ಸಾಕಾಯಿತು. ಕುದುರೆ ಸಾಕುವವರ ಫೋನ್ ನಿಂತುಹೋಯಿತು.

ತಾಹೇರಾ ಹಲಗೆಗಳನ್ನು ಕಿತ್ತು ಬಚ್ಚಲ ಒಲೆಗೆ ಹಾಕಿದರು. ನೆಲಕ್ಕೆ ತಗಡು ಹಾಕಿಸಿ, ಗೊರಸು ಜಾರದಂತೆ ಅಡ್ಡಡ್ಡ ಕಂಬಿ ಬೆಸುಗೆ ಹಾಕಿಸಿ, ಮೇಲೆ ದಪ್ಪ ರಬ್ಬರ್ ಹಾಸಿದರು. ಕುದುರೆಯ ಎದೆಗೊಂದು, ಹಿಂಬದಿಗೊಂದು ಅಗಲ ಪಟ್ಟಿ ಬಂತು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹನಕೆರೆಗೆ ಹೋಗಿ ಗಾಯ ತೊಳೆದು ಮುಲಾಮು ಹಚ್ಚಿ ಬರುತ್ತಿದ್ದರು. ಮುದ್ದಯ್ಯ ಬೇಡ ಎನ್ನಲಿಲ್ಲ. ಅವರ ಹೆಂಡತಿ ಪಟ್ಟಲಮ್ಮ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದರು.

ಗಾಯ ಮಾಯ್ದು ಕುದುರೆ ಮತ್ತೆ ಓಟಕ್ಕೆ ಪಳಗಿದ ಮೇಲೆ ಮುದ್ದಯ್ಯ ಫೋನ್ ಮಾಡಿದರು. ಭಾನುವಾರ ಮಳವಳ್ಳಿಯಲ್ಲಿ ಓಟ, ಗಾಡಿ ಬೇಕು, ಆದರೆ ಅಶ್ಫಾಕ್ ಓಡಿಸಬೇಕು. ಅಶ್ಫಾಕ್‌ಗೆ ಒಪ್ಪಿಗೆಯೇ. ಒಂದು ಸಲ ತಾನು ಓಡಿಸಿದರೆ ಜನರ ಬಾಯಿ ಮುಚ್ಚುತ್ತದೆ, ಆಮೇಲೆ ಆಪಾ ಓಡಿಸಲಿ ಎಂದು ಅಕ್ಕನಿಗೆ ಹೇಳಿದ. ಒಂದು ಸಲ ಎದ್ದವರಿಗೆ ಆ ಸೀಟು ಮತ್ತೆ ಸಿಗುವುದಿಲ್ಲ ಎಂದು ತಾಹೇರಾ ಕೀ ತೆಗೆದುಕೊಂಡರು.

ಭಾನುವಾರ ಬೆಳಿಗ್ಗೆ ಹನಕೆರೆಯಲ್ಲಿ ಅವರು ಡ್ರೈವರ್ ಸೀಟಿನಿಂದ ಇಳಿದದ್ದನ್ನು ಕಂಡು ಮುದ್ದಯ್ಯ ಕುದುರೆಯ ಹಗ್ಗವನ್ನು ಕಂಬಕ್ಕೆ ಕಟ್ಟಿದರು. ನೋಡಲು ಹತ್ತು ಹದಿನೈದು ಜನ ಸೇರಿದ್ದರು.

"ಗಾಡಿ ಚೆನ್ನಾಗದೆ, ಇಲ್ಲ ಅನ್ನಕಿಲ್ಲ. ಓಡ್ಸಾಕೆ ನಿನ್ ತಮ್ಮನ್ನ ಕಳ್ಸು ಅಂದಿದ್ನಲ್ಲಮ್ಮ."

"ಅಣ್ಣ, ಕುದ್ರೆ ಬಿದ್ದಿದ್ದು ನಾನ್ ಎಂಗ್ಸು ಅಂತಲ್ಲ. ಬೆಲ್ಲದ್ ಅಲಗೆ ಕಿತ್ತಾಕ್ದೆ ಬುಟ್ಟಿದ್ಕೆ. ಆ ತೆಪ್ಪು ನಂದು, ಒಪ್ಕತೀನಿ. ಈಗ ತಮ್ಮನ್ನ ಕೂರ್ಸುದ್ರೆ, ನಂಗೆ ಓಡ್ಸಾಕೆ ಬರಾಕಿಲ್ಲ ಅಂತ ನಾನೇ ಯೋಳ್ದಂಗಾಯ್ತದೆ. ಅದ್ನ ಒಪ್ಪಾಕಿಲ್ಲ."

ಗುಂಪಿನಿಂದ ಯಾರೋ, ಕುದುರೆಯ ಜೀವದ ಮೇಲೆ ಪಂದ್ಯ ಕಟ್ಟಬೇಡ ಎಂದರು.

"ಕುದ್ರೆ ಬ್ಯಾಡ, ನೀವೇ ಅತ್ತಿ ಅಣ್ಣ," ಎಂದು ತಾಹೇರಾ ಮುದ್ದಯ್ಯನತ್ತ ತಿರುಗಿದರು. "ಇಂದ್ಗಡೆ ನಿಂತ್ಕಳಿ. ಎಲ್ಲೂ ಕೈ ಇಡೀಬ್ಯಾಡಿ. ಅದೇ ತಿರುವಿಗೆ ಓಗ್ಬುಟ್ಟು ಬರಾನ. ನೀವ್ ಬಿದ್ರೆ ಇವತ್ತೇ ಗಾಡಿ ಮಾರ್ತೀನಿ."

ಮುದ್ದಯ್ಯನಿಗೆ ಅರವತ್ತು ದಾಟಿತ್ತು. ಜನ ನೋಡುತ್ತಿರುವಾಗ ಹಿಂದೆ ಸರಿಯುವುದು ಅವರಿಂದಾಗಲಿಲ್ಲ. ಪಂಚೆ ಎತ್ತಿ ಕಟ್ಟಿ ಹತ್ತಿದರು. ಇಬ್ಬರು ಬೈಕಿನಲ್ಲಿ ಹಿಂದೆ ಹೊರಟರು.

ತಾಹೇರಾ ಎರಡನೇ ಗೇರಿನಲ್ಲೇ ಹೋದರು. ಸೇತುವೆಗೆ ಬಹಳ ಮೊದಲೇ ವೇಗ ಇಳಿಸಿದರು, ತಿರುವಿನಲ್ಲಿ ಬ್ರೇಕ್ ಮುಟ್ಟಲಿಲ್ಲ. ಬೈಕಿನವರು ಕಂಡಂತೆ ಮುದ್ದಯ್ಯ ಕಾಲು ಅಗಲಿಸಿ ಎರಡೂ ಕೈ ಗಾಳಿಯಲ್ಲಿ ಚಾಚಿದ್ದರು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರು, ಬೀಳಲಿಲ್ಲ.

ಮರಳಿ ಬಂದು ಇಳಿದವರು ಪಂಚೆ ಸರಿಮಾಡಿಕೊಂಡರು. "ವಾಪಸ್ ಬರ್ತಾ ಒಂದ್ ಕಿತ ಪೈಪ್ ಇಡ್ಕಂಡೆ ಕಣಮ್ಮ," ಎಂದರು.

"ನಿಮ್ಗೆ ಎಲ್ಡೇ ಕಾಲು. ಕುದ್ರೆಗೆ ನಾಕವೆ," ಎಂದರು ತಾಹೇರಾ.

ಮುದ್ದಯ್ಯ ಕಂಬದಿಂದ ಹಗ್ಗ ಬಿಚ್ಚಿದರು. ಬೆಲ್ಲದ ವಾಸನೆಯಿಲ್ಲದ ಗಾಡಿಗೆ ಹತ್ತಲು ಕುದುರೆ ಅರ್ಧ ಗಂಟೆ ತೆಗೆದುಕೊಂಡಿತು. ತಳ್ಳಲು ಬಂದವರನ್ನು ತಾಹೇರಾ ದೂರ ನಿಲ್ಲಿಸಿದರು. ಮಳವಳ್ಳಿ ಮುಟ್ಟುವಾಗ ಓಟದ ಮೊದಲ ಸುತ್ತು ಮುಗಿದಿತ್ತು. ಮುದ್ದಯ್ಯ ಪಕ್ಕದ ಸೀಟಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು, ಆದರೆ ಮರಳಿ ಬರಲು ಬೇರೆ ಗಾಡಿ ಹುಡುಕಲಿಲ್ಲ.

ಗಂಡಸು ಡ್ರೈವರ್ ಬರುತ್ತಾರಾ ಎಂದು ಫೋನಿನಲ್ಲಿ ಕೇಳುವವರು ಈಗಲೂ ಇದ್ದಾರೆ. ತಾಹೇರಾ ಸಿಟ್ಟಾಗುವುದಿಲ್ಲ.

"ಗಾಡಿ ಬತ್ತದೆ, ನಾನ್ ಬತ್ತೀನಿ. ಬ್ಯಾಡ ಅಂದ್ರೆ ಕುದ್ರೆ ನಡುಸ್ಕಂಡ್ ಓಗಿ."