ಪುಟ್ಟಸ್ವಾಮಿ ಓದದೇ ಉಳಿಸಿಕೊಂಡಿದ್ದ ನಡಾವಳಿ

ಕಳೆದ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಒಂದು ಫೋನ್ ಬಂತು. ಹಿಂದಿನ ದಿನ ನಾನು ಕಂಠಪೂರ್ತಿ ಕುಡಿದಿದ್ದೆನಂತೆ!

ಫೋನ್ ಮಾಡಿದವರು ಜಯಮ್ಮ, ನನ್ನ ಹಳೆಯ ಗೆಳೆಯ ಪುಟ್ಟಸ್ವಾಮಿಯ ಹೆಂಡತಿ. ‘ಅಣ್ಣ, ತಪ್ಪು ತಿಳ್ಕೋಬೇಡಿ. ನಿನ್ನೆ ನೀವು ಜಾಸ್ತಿ ತಗೊಂಡಿದ್ರಂತೆ. ಎದ್ದಾಗ್ನಿಂದ ಇವ್ರು ಅದನ್ನೇ ಹೇಳ್ತಾವ್ರೆ. ನಡಾವಳಿ ಓದ್ಬೇಕು, ಮಂಜನ್ನ ಕರಿ ಅಂತಾವ್ರೆ. ಒಂದ್ಗಳಿಗೆ ಬಂದೋಗ್ತೀರಾ?’

ನಾನು ಒಂದು ತೊಟ್ಟು ಮುಟ್ಟಿ ಮೂವತ್ತು ವರ್ಷ ದಾಟಿತು. ಹಿಂದಿನ ದಿನ ಕುಡಿದದ್ದೆಂದರೆ ಮೂರು ಲೋಟ ಕಾಫಿ, ಶುಗರ್ ಮಾತ್ರೆಯ ಜೊತೆ ಅರ್ಧ ಲೋಟ ನೀರು, ಅಷ್ಟೇ. ಫೋನು ಸ್ಪೀಕರಿನಲ್ಲಿತ್ತು (ಕಿವಿ ಮಂದ, ಏನು ಮಾಡೋದು?). ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದ ನನ್ನ ಹೆಂಡತಿ ತಲೆಯೆತ್ತಿ ನೋಡಿದಳು. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಆದರೂ ಆ ನೋಟದಲ್ಲಿ ಅರೆಕ್ಷಣ ಅನುಮಾನ ಇತ್ತು ಕಣ್ರೀ! ಕುಡಿತ ಬಿಟ್ಟವನ ಹಣೆಬರಹವೇ ಇಷ್ಟು.

ನಗು ಬಂತು. ಆಮೇಲೆ ‘ನಡಾವಳಿ’ ಎಂಬ ಮಾತು ನಿಧಾನಕ್ಕೆ ಒಳಗಿಳಿಯಿತು. ಹಾಗೇ ಎದ್ದು ಸ್ಕೂಟರಿನ ಕೀ ಹುಡುಕಿದೆ.

ಆ ಮಾತಿನ ಹಿಂದೆ ಒಂದು ಕಥೆ ಇದೆ. ಇಪ್ಪತ್ತೇಳು, ಇಪ್ಪತ್ತೆಂಟರ ವಯಸ್ಸಿನಲ್ಲಿ ನಾವು ನಾಲ್ಕು ಜನ ಗೆಳೆಯರು ಭಾನುವಾರ ಮಧ್ಯಾಹ್ನ ಒಂಟಿಕೊಪ್ಪಲಿನಲ್ಲಿದ್ದ ಪುಟ್ಟಸ್ವಾಮಿಯ ಬಾಡಿಗೆ ರೂಮಿನಲ್ಲಿ ಸೇರುತ್ತಿದ್ದೆವು. ಮೂವರು ಕುಡಿಯುತ್ತಿದ್ದೆವು. ರೂಮಿನ ಯಜಮಾನ ಕುಡಿಯುತ್ತಿರಲಿಲ್ಲ. ಅವನ ಅವ್ವ ಅವನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ ಚಾಮುಂಡಿಯ ಮುಂದೆ ನಿಲ್ಲಿಸಿ ಆಣೆ ಹಾಕಿಸಿದ್ದರು. ಬೇರೆ ಯಾರಾದರೂ ಆಗಿದ್ದರೆ ಬೆಟ್ಟ ಇಳಿಯುವಷ್ಟರಲ್ಲಿ ಆಣೆ ಮರೆಯುತ್ತಿದ್ದರು. ಪುಟ್ಟಸ್ವಾಮಿ ಅಂಥವನಲ್ಲ. ಆಣೆ ಅಂದರೆ ಆಣೆ. (ನಂಚಿಕೊಳ್ಳಲು ತಂದ ಕಡಲೆಬೀಜವನ್ನು ಮಾತ್ರ ಮುಕ್ಕಾಲು ಪಾಲು ಅವನೇ ಖಾಲಿ ಮಾಡುತ್ತಿದ್ದ. ಅದಕ್ಕೆ ಯಾರೂ ಆಣೆ ಹಾಕಿಸಿರಲಿಲ್ಲ.)

ನನಗೊಂದು ವಿಚಿತ್ರ ಕಾಯಿಲೆ ಇತ್ತು. ಮೂರನೇ ಗ್ಲಾಸಿನ ನಂತರ ನಾನು ಬಿದ್ದುಬಿಡುತ್ತಿರಲಿಲ್ಲ, ನಿದ್ದೆ ಮಾಡುತ್ತಿರಲಿಲ್ಲ. ಓಡಾಡುತ್ತಿದ್ದೆ, ಹಾಡುತ್ತಿದ್ದೆ, ವಾದ ಮಾಡುತ್ತಿದ್ದೆ. ಬೆಳಿಗ್ಗೆ ಎದ್ದರೆ ಅದರಲ್ಲಿ ಒಂದೂ ನೆನಪಿರುತ್ತಿರಲಿಲ್ಲ. ಇದಕ್ಕೆ ಬ್ಲ್ಯಾಕೌಟ್ ಎನ್ನುತ್ತಾರೆ ಎಂದು ಪರಿಚಯದ ಡಾಕ್ಟರೊಬ್ಬರು ಬಹಳ ವರ್ಷದ ಮೇಲೆ ಹೇಳಿದರು. ಅದು ಮರೆವಲ್ಲವಂತೆ. ಮಿದುಳು ಆ ಹೊತ್ತನ್ನು ಬರೆದುಕೊಂಡೇ ಇರುವುದಿಲ್ಲವಂತೆ. ಬರೆದೇ ಇಲ್ಲದ್ದನ್ನು ಎಲ್ಲಿ ಅಂತ ಹುಡುಕುತ್ತೀರಿ?

ಆದರೆ ಬರೆದುಕೊಳ್ಳುವವನು ಒಬ್ಬನಿದ್ದ. ಪುಟ್ಟಸ್ವಾಮಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮೀಟಿಂಗುಗಳಲ್ಲಿ ಕೂತು ಯಾರು ಏನು ಅಂದರು, ಏನು ತೀರ್ಮಾನ ಆಯಿತು ಎಂದು ನಡಾವಳಿ ಬರೆಯುವುದೇ ಅವನ ಕೆಲಸ. ಸೋಮವಾರ ಬೆಳಿಗ್ಗೆ ಏಳಕ್ಕೆ ಒಂಟಿಕೊಪ್ಪಲಿನ ಮೂಲೆ ಹೋಟೆಲಿನಲ್ಲಿ ನಾನು ತಲೆ ಹಿಡಿದುಕೊಂಡು ಕೂತಿರುತ್ತಿದ್ದೆ. ಅವನು ಸ್ಪೂನಿನಿಂದ ತಟ್ಟೆಗೆ ಎರಡು ಸಲ ಬಡಿದು ಶುರು ಮಾಡುತ್ತಿದ್ದ.

‘ದಿನಾಂಕ ನಿನ್ನೆ. ಸ್ಥಳ ನನ್ ರೂಮು. ಆಜರಿದ್ದೋರು ನಾಲ್ಕು ಜನ, ಪ್ರಜ್ಞೆ ಇದ್ದೋನು ಒಬ್ಬ.’

ಆಮೇಲೆ ಒಂದೊಂದೇ ವಿಷಯ. ‘ಎರಡನೇ ವಿಷಯ: ಎದುರು ಮನೆ ಎಮ್ಮೆಗೆ ಮಂಜ ಕ್ಷಮೆ ಕೇಳಿದನು. ಎಮ್ಮೆಯಿಂದ ಉತ್ತರ ಬಂದಿರುವುದಿಲ್ಲ.’ ಅಪ್ಪಟ ಆಫೀಸಿನ ಭಾಷೆ, ಮುಖದಲ್ಲಿ ಒಂದೆಳೆ ನಗುವಿಲ್ಲ. ಒಂದು ಮಾತು ಹೆಚ್ಚಿಗೆ ಸೇರಿಸುತ್ತಿರಲಿಲ್ಲ, ಒಂದು ಮಾತು ಬಿಡುತ್ತಿರಲಿಲ್ಲ. ನಾನು ಮಧ್ಯೆ ಬಾಯಿ ಹಾಕುವಂತಿಲ್ಲ. ಕೊನೆಗೆ ‘ಒಪ್ಗೆನಾ?’ ಎಂದು ಕೇಳುತ್ತಿದ್ದ. ನಾನು ‘ಒಪ್ಗೆ’ ಎನ್ನಬೇಕು. ಅಲ್ಲಿಗೆ ಮುಗಿಯಿತು. ಒಮ್ಮೆ ಓದಿದ ನಡಾವಳಿಯನ್ನು ಅವನು ಜನ್ಮದಲ್ಲಿ ಮತ್ತೆ ಎತ್ತುತ್ತಿರಲಿಲ್ಲ. ಗೆಳೆಯರು ಎಷ್ಟೇ ಪೀಡಿಸಲಿ, ‘ಅದು ಮುಗ್ದೋದ ಫೈಲು’ ಎಂದು ಎದ್ದು ಹೋಗುತ್ತಿದ್ದ.

ಈಗಿನ ಹುಡುಗರಿಗೆ ಪುಟ್ಟಸ್ವಾಮಿ ಬೇಕಾಗಿಲ್ಲ, ಫೋನಿದೆ. ಕುಡಿದು ಕುಣಿದದ್ದು ಬೆಳಗಾಗುವಷ್ಟರಲ್ಲಿ ಗ್ರೂಪಿನಲ್ಲಿರುತ್ತದೆ, ಜೊತೆಗೆ ಹಿನ್ನೆಲೆ ಸಂಗೀತ ಬೇರೆ. ಫೋನಿಗೆ ತೋರಿಸಲು ಬರುತ್ತದೆ. ಒಂದು ಸಲ ತೋರಿಸಿ ಆಮೇಲೆ ಸುಮ್ಮನಿರಲು ಬರುತ್ತದೆಯೇ?

ಆ ಬೆಳಗುಗಳು ನನಗೆ ಈಗಲೂ ನೆನಪಾಗುತ್ತವೆ. ಕುಡಿತ ಅಲ್ಲ ಸ್ವಾಮಿ, ಬೆಳಗು. ಬಿಸಿ ಇಡ್ಲಿಯ ಹಬೆ, ಬೈ ಟು ಕಾಫಿ, ಎದುರಿಗೆ ನನ್ನ ಮಾನವನ್ನು ಜೋಪಾನ ಮಾಡುವ ಒಬ್ಬ ಗೆಳೆಯ. ಎಂಥ ಅವಮಾನವೂ ಎರಡನೇ ಕಾಫಿ ಬರುವಷ್ಟರಲ್ಲಿ ತಮಾಷೆಯಾಗಿರುತ್ತಿತ್ತು. ಮುಂದಿನ ಭಾನುವಾರ ಮತ್ತೆ ಕುಡಿಯಲು ನಾನು ತಯಾರಾಗಿರುತ್ತಿದ್ದೆ.

ಇದನ್ನು ಕಂಡುಕೊಂಡವರು ನಮ್ಮಪ್ಪ.

ಅಪ್ಪ ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು ಕೃಷ್ಣಮೂರ್ತಿಪುರಂನಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿದ್ದವರು. ಅಮ್ಮ ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋಗಿಬಿಟ್ಟಿದ್ದಳು. ಮನೆಯಲ್ಲಿ ನಾವಿಬ್ಬರೇ. ಪುಟ್ಟಸ್ವಾಮಿ ಸೈಕಲ್ ರಿಪೇರಿಗೆ ಬಂದಾಗಲೆಲ್ಲ ಅಪ್ಪ ಅವನನ್ನು ಕೂರಿಸಿಕೊಂಡು ನನ್ನ ವಿಷಯ ಕೇಳುತ್ತಿದ್ದರು. ನಮ್ಮ ಸೋಮವಾರದ ನಡಾವಳಿಯೂ ಅವರಿಗೆ ಗೊತ್ತಿತ್ತು.

ಒಂದು ಭಾನುವಾರ. ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಬರುತ್ತಿದ್ದದ್ದು ನೆನಪಿದೆ. ಮೂರನೇ ಗ್ಲಾಸು ಎತ್ತಿದ್ದು ನೆನಪಿದೆ. ಆಮೇಲೆ ಏನೂ ಇಲ್ಲ. ಕಣ್ಣು ಬಿಟ್ಟರೆ ಸೋಮವಾರ ಬೆಳಿಗ್ಗೆ, ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿದ್ದೇನೆ. ಹೇಗೆ ಬಂದೆ? ಗೊತ್ತಿಲ್ಲ. ಅಪ್ಪ ಜಗಲಿಯ ಮೇಲೆ ಕೂತು ತಮ್ಮ ಕನ್ನಡಕದ ಕಡ್ಡಿಗೆ ಕಪ್ಪು ದಾರ ಸುತ್ತುತ್ತಿದ್ದರು. ಒಂದು ಗಾಜು ಬಿರುಕು ಬಿಟ್ಟಿತ್ತು. ಕೆನ್ನೆ ತರಚಿತ್ತು. ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬು ಹರಿದು ಜೋತಾಡುತ್ತಿತ್ತು. ಏನಾಯಿತೆಂದು ಕೇಳಿದೆ. ಏನಿಲ್ಲ, ಕಾಫಿ ಕುಡಿ ಎಂದರು. ತಲೆ ಎತ್ತಲಿಲ್ಲ.

ಮುಖ ಕೂಡ ತೊಳೆಯದೆ ಒಂಟಿಕೊಪ್ಪಲಿಗೆ ಓಡಿದೆ. ಪುಟ್ಟಸ್ವಾಮಿ ಹೋಟೆಲಿನಲ್ಲಿದ್ದ. ಇಡ್ಲಿ ಬಂತು. ಸ್ಪೂನು ಬಡಿಯಲಿಲ್ಲ. ಇವತ್ತು ನಡಾವಳಿ ಇಲ್ಲ ಎಂದ. ಕೊನೆಗೂ ಕೇಳಿದೆ:

‘ಅಪ್ಪನ ಮೇಲೆ ಕೈ ಮಾಡ್ಬುಟ್ನೇನೋ?’

ಅವನು ಸಾಂಬಾರಿನ ಬಟ್ಟಲನ್ನೇ ನೋಡುತ್ತಾ ಹೇಳಿದ. ‘ತಿನ್ನೋ, ಆರೋಗುತ್ತೆ.’

ನನಗೆ ಉತ್ತರ ಸಿಕ್ಕಿತ್ತು. ಹೆತ್ತ ಅಪ್ಪನಿಗೆ ಹೊಡೆದವನು ನಾನು. ಆ ಇಡ್ಲಿ ಹಾಗೇ ಬಿಟ್ಟು ಎದ್ದೆ.

ಅವತ್ತಿನಿಂದ ಕುಡಿಯಲಿಲ್ಲ. ಎಲ್ಲರೂ ನನ್ನ ವಿಲ್ ಪವರ್ ಹೊಗಳಿದರು. ಎಂಥ ವಿಲ್ ಪವರು, ಮಣ್ಣು! ಅದು ಬರೀ ಭಯ. ಅಪ್ಪನ ಮುಖ ನೋಡುವ ಧೈರ್ಯವೂ ಅವತ್ತೇ ಹೋಯಿತು. ಅವರು ನಡುಮನೆಗೆ ಬಂದರೆ ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಅವರು ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದೆ. ಅವರ ಸ್ವಂತ ಸೈಕಲ್ಲಿನ ಬೆಲ್ಲು ಒಂದು ಪಕ್ಕ ಅಪ್ಪಚ್ಚಿಯಾಗಿ ಟ್ರಿಣ್ ಅನ್ನುವ ಬದಲು ಟಕ್ ಟಕ್ ಅನ್ನುತ್ತಿತ್ತು. ಶಾಪಿನಲ್ಲಿ ಡಬ್ಬದ ತುಂಬಾ ಹೊಸ ಬೆಲ್ಲುಗಳಿದ್ದರೂ ಅದನ್ನು ಬದಲಾಯಿಸಲಿಲ್ಲ. ವಯಸ್ಸಾಯಿತು, ಜಿಪುಣತನ ಎಂದುಕೊಂಡೆ. ಕೇಳಲಿಲ್ಲ. ಎರಡು ವರ್ಷ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಶಾಪಿನಲ್ಲಿ ಚಕ್ರ ಜೋಡಿಸುತ್ತಿದ್ದವರು ಹಾಗೇ ಗೋಡೆಗೆ ಒರಗಿದರು. ಹಾರ್ಟು. ಕ್ಷಮಿಸಪ್ಪಾ ಎನ್ನುವ ಒಂದು ಮಾತು ಹೇಳದೆಯೇ ಉಳಿಯಿತು.

ಪುಟ್ಟಸ್ವಾಮಿಯನ್ನು ಆಮೇಲೆ ಎಷ್ಟು ಸಲ ಕೇಳಿದೆನೋ. ಪ್ರತಿ ಸಲವೂ ‘ಬುಡೋ’ ಅಂದ. ನಾನೂ ಬಿಟ್ಟೆ. ಹೆಂಡತಿಗೂ ಇದನ್ನು ಹೇಳಿರಲಿಲ್ಲ. ಇತ್ತ ಎರಡು ವರ್ಷದಿಂದ ಅವನಿಗೆ ಮರೆವಿನ ಕಾಯಿಲೆ. ಒಂದು ತೊಟ್ಟು ಕುಡಿಯದವನಿಗೆ! ಮೊದಲು ಕೀ ಮರೆತ, ಆಮೇಲೆ ಬೀದಿ ಮರೆತ, ಈಗ ಮೊಮ್ಮಗಳ ಹೆಸರು ಕೇಳಿದರೆ ಜಯಮ್ಮನ ಮುಖ ನೋಡುತ್ತಾನೆ. ನಮ್ಮೆಲ್ಲರ ನೆನಪು ಕಾಯ್ದವನಿಗೇ ಹೀಗಾಗಬೇಕೇ?

ಸೋಮವಾರ ನಾನು ಹೋದಾಗ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಊಟದ ಟೇಬಲ್ಲಿನ ಮುಂದೆ ಕೂತಿದ್ದ. ನನ್ನನ್ನು ನೋಡಿದ್ದೇ ‘ಎಷ್ಟೊತ್ಲೇ ಬರೋದು’ ಎಂದು ಗದರಿದ. ಜಯಮ್ಮ ಇಡ್ಲಿ ಇಟ್ಟರು. ಅವನು ಸ್ಪೂನು ಎತ್ತಿ ತಟ್ಟೆಗೆ ಎರಡು ಸಲ ಬಡಿದ.

ಅದೇ ದನಿ, ಅದೇ ಆಫೀಸಿನ ಭಾಷೆ. ಆ ಭಾನುವಾರ ಸಂಜೆ ಆರೂವರೆಗೆ, ಉಳಿದಿಬ್ಬರು ಹೊರಟ ಮೇಲೆ, ಅಪ್ಪ ನನ್ನನ್ನು ಕರೆದೊಯ್ಯಲು ಸೈಕಲ್ಲಿನಲ್ಲಿ ರೂಮಿಗೆ ಬಂದರಂತೆ. ನಾನು ಕಾಲಿಗೆ ಬಿದ್ದೆನಂತೆ. ಕ್ಯಾರಿಯರ್ ಮೇಲೆ ಕೂರು ಎಂದರೆ ಸುತರಾಂ ಒಪ್ಪಲಿಲ್ಲವಂತೆ. ಚಿಕ್ಕವನಿದ್ದಾಗ ಕೂರುತ್ತಿದ್ದ ಹಾಗೆ ಮುಂದಿನ ಬಾರಿನ ಮೇಲೇ ಕೂರಬೇಕು, ಬೆಲ್ಲು ನಾನೇ ಹೊಡೆಯಬೇಕು ಎಂದು ಹಟ! ಇಪ್ಪತ್ತೊಂಬತ್ತರ ಮಗನನ್ನು ಅಪ್ಪ ಒಂದು ಸಲ ದಿಟ್ಟಿಸಿ ನೋಡಿ, ಸರಿ ಕೂತ್ಕೊ ಎಂದರಂತೆ. ಪುಟ್ಟಸ್ವಾಮಿ ತನ್ನ ಸೈಕಲ್ಲಿನಲ್ಲಿ ಹಿಂದೆ ಹೊರಟ.

‘ಮೂರನೇ ವಿಷಯ: ದಾರಿಯುದ್ದಕ್ಕೂ ಬೆಲ್ಲು. ನಾಯಿಗೂ ಬೆಲ್ಲು, ಲೈಟ್ ಕಂಬಕ್ಕೂ ಬೆಲ್ಲು.’

ಕುಕ್ಕರಹಳ್ಳಿ ಕೆರೆ ಪಕ್ಕದ ಇಳಿಜಾರಿನಲ್ಲಿ ನಾನು ಎರಡೂ ಕೈಯಲ್ಲಿ ಬೆಲ್ಲು ಅಮುಕಲು ಹೋಗಿ ಹ್ಯಾಂಡಲ್ ತಿರುಗಿತಂತೆ. ಅಪ್ಪ, ಮಗ, ಸೈಕಲ್ಲು ಮೂವರೂ ಒಟ್ಟಿಗೆ ಮೋರಿಗೆ. ಅಪ್ಪನ ಕನ್ನಡಕ ಕಲ್ಲಿಗೆ ಬಡಿಯಿತು. ಜೇಬು ಬ್ರೇಕಿಗೆ ಸಿಕ್ಕಿ ಹರಿಯಿತು. ಬೆಲ್ಲು ಅಪ್ಪಚ್ಚಿ.

ನನಗೆ ತಡೆಯಲಾಗಲಿಲ್ಲ. ನಿಯಮ ಮುರಿದು ಮಧ್ಯೆ ಬಾಯಿ ಹಾಕಿದೆ. ‘ನಾನು ಹೊಡೀಲಿಲ್ವೇನೋ?’

‘ಮಧ್ಯ ಮಾತಾಡ್ಬ್ಯಾಡ,’ ಎಂದ. ‘ನೀನು ಅಪ್ಪಾ ಅಪ್ಪಾ ಅಂತ ಅಳ್ತಿದ್ದೆ. ನಿಮ್ಮಪ್ಪ ಮೋರೀಲಿ ಕೂತ್ಕಂಡು ಒಟ್ಟೆ ಇಡ್ಕಂಡು ನಗ್ತಿದ್ರು ಕಣೋ. ಟವಲಲ್ಲಿ ನಿನ್ ಮುಖ ಒರೆಸ್ತಾ ನಂಗೆ ಯೋಳುದ್ರು. ಇವ್ನು ಇಂಗೆ ಬಾಯ್ತುಂಬ ಅಪ್ಪಾ ಅಂದು ಎಷ್ಟ್ ವರ್ಷ ಆಗಿತ್ತೋ ಪುಟ್ಸಾಮಿ, ಅಂತ.’

ಆಮೇಲೆ ಗಂಟಲು ಸರಿಮಾಡಿಕೊಂಡು ಕೊನೆಯದನ್ನು ಓದಿದ.

‘ಐದನೇ ವಿಷಯ: ಈ ಯಾವುದನ್ನೂ ಮಂಜನಿಗೆ ತಿಳಿಸಬಾರದು. ಯೋಳಿದ್ರೆ ನಗಾಡ್ಕಂಡು ಮತ್ತೆ ಕುಡೀತಾನೆ, ಯೋಳ್ದೆ ಇದ್ರೆ ಎದ್ರಿ ಕುಡ್ಯೋದು ಬುಡ್ತಾನೆ. ಹೀಗೆಂದು ಮಂಜನ ತಂದೆಯವರು ನನ್ನಿಂದ ಬೆಟ್ಟದ ತಾಯಿ ಮೇಲೆ ಆಣೆ ಹಾಕಿಸಿಕೊಂಡರು. ಒಪ್ಗೆನಾ?’

ಜಯಮ್ಮ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಮೂವತ್ತು ವರ್ಷ ಕಾಯ್ದ ಆಣೆಯನ್ನು ಅವನು ಮುರಿದಿದ್ದ, ಮುರಿದದ್ದು ಅವನಿಗೇ ತಿಳಿದಿರಲಿಲ್ಲ. ಮರೆವು ಎಲ್ಲವನ್ನೂ ಗುಡಿಸುತ್ತಾ ಬಂದು, ಓದದೇ ಉಳಿದಿದ್ದ ಆ ಒಂದು ಫೈಲನ್ನು ಮಾತ್ರ ಮೇಲಕ್ಕೆ ತಂದಿಟ್ಟಿತ್ತು.

‘ಒಪ್ಗೆ ಕಣೋ,’ ಎಂದೆ. ಅವನಿಗೆ ಕೇಳಿಸಲಿಲ್ಲ. ಎರಡನೇ ಸಲ ಹೇಳಬೇಕಾಯಿತು.

ಅವನು ನಿರಾಳವಾಗಿ ಇಡ್ಲಿ ಮುರಿದ. ಅಪ್ಪ ನಕ್ಕದ್ದನ್ನು ಇನ್ನೊಂದು ಸಲ ಹೇಳೋ ಎಂದು ಅಂಗಲಾಚಿದೆ. ಏನನ್ನು ಎಂದು ಕೇಳಿದ. ಸುಳ್ಳಲ್ಲ, ನಿಜವಾಗಿ ಕೇಳಿದ. ಆಮೇಲೆ ಜಯಮ್ಮನ ಹತ್ತಿರ ಇನ್ನಷ್ಟು ಚಟ್ನಿ ಹಾಕಿಸಿಕೊಂಡ.

ವಾಪಸ್ ಬರುವಾಗ ಅದೇ ಕೆರೆ, ಅದೇ ಇಳಿಜಾರು. ಸ್ಕೂಟರ್ ನಿಲ್ಲಿಸಿದೆ. ಮೊದಲು ಬಂದದ್ದು ಅಳುವಲ್ಲ, ಅಪ್ಪನ ಮೇಲೆ ಕೋಪ. ಎರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದು, ಮಗ ತಲೆ ತಗ್ಗಿಸಿ ಓಡಾಡುವುದನ್ನು ನೋಡಿಯೂ ಹೇಳಲಿಲ್ಲವಲ್ಲ! ಹೇಳಿದ್ದರೆ ನಾನು ಕುಡಿತ ಬಿಡುತ್ತಿದ್ದೆನೇ? ಎದೆ ಮುಟ್ಟಿ ಹೇಳುತ್ತೇನೆ, ಬಿಡುತ್ತಿರಲಿಲ್ಲ. ಅಪ್ಪನ ಉಪಾಯ ಸರಿಯಾಗಿಯೇ ಇತ್ತು. ಮಗ ಉಳಿದ. ಮಗನ ಜೊತೆ ಮಾತು ಉಳಿಯಲಿಲ್ಲ. ಅಪ್ಪಚ್ಚಿಯಾದ ಆ ಬೆಲ್ಲೊಂದನ್ನು ಮಾತ್ರ ಅವರು ಬದಲಾಯಿಸದೆ ಇಟ್ಟುಕೊಂಡರು. ಅವರು ಹೋದ ಮೇಲೆ ಆ ಸೈಕಲ್ಲನ್ನು ಬೆಲ್ಲಿನ ಸಮೇತ ಗುಜರಿಗೆ ಹಾಕಿದವನು ನಾನೇ. ಅದು ನನಗೆ ಚೆನ್ನಾಗಿ ನೆನಪಿದೆ, ಅವತ್ತು ನಾನು ಕುಡಿದಿರಲಿಲ್ಲ.

ಸ್ಕೂಟರಿನ ಹಾರನ್ನು ಒಂದು ಸಲ ಒತ್ತಿದೆ. ವಾಕಿಂಗ್ ಮುಗಿಸಿ ಬರುತ್ತಿದ್ದ ಹಿರಿಯರೊಬ್ಬರು ಬೆಚ್ಚಿಬಿದ್ದು, ‘ಖಾಲಿ ರೋಡಲ್ಲಿ ಯಾಕ್ರೀ’ ಎಂದು ಬೈದರು. ಬೈಸಿಕೊಂಡೆ. ನಗುತ್ತಾ, ಅಳುತ್ತಾ ಇನ್ನೊಂದು ಸಲ ಒತ್ತಿದೆ.

ನನ್ನ ಬದುಕಿನ ಅತಿ ಚೆಂದದ ಸಂಜೆ ಅದು. ಅವತ್ತು ಇದ್ದೂ ನಾನಿರಲಿಲ್ಲ. ನೋಡಿದ ಇಬ್ಬರಲ್ಲಿ ಒಬ್ಬರು ಹೋದರು, ಇನ್ನೊಬ್ಬ ಓದಿ ಮುಗಿಸಿ ಮರೆತ. ಈಗ ಅದು ನನ್ನೊಬ್ಬನ ಬಳಿ ಇದೆ. ನನಗೋ ಅರವತ್ತು ದಾಟಿತು, ಮೊನ್ನೆ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕಿದೆ. ಅದಕ್ಕೇ ಎಲ್ಲವನ್ನೂ ನಿಮ್ಮ ಮುಂದೆ ಬರೆದಿಟ್ಟಿದ್ದೇನೆ. ನಾಳೆ ನಾನೂ ಮರೆತರೆ, ಒಂದು ಬೆಳಿಗ್ಗೆ ನಿಮ್ಮಲ್ಲಿ ಯಾರಾದರೂ ಬಂದು ತಟ್ಟೆಗೆ ಎರಡು ಸಲ ಬಡಿದು ಇದನ್ನು ನನಗೆ ಓದಿ ಹೇಳಬೇಕು.

ಒಪ್ಗೆನಾ?